ಅಡ್ವಾನ್ಸ್ಡ್ ಎಡಿಟಿಂಗ್ ಅಂದ್ರೆ ಏನು ಸ್ವಾಮಿ?

ಭಾನುವಾರ ಬೆಳಿಗ್ಗೆ ಏಳಕ್ಕೇ ಊರಿಂದ ಫೋನ್ ಬಂದರೆ ಸಾಮಾನ್ಯವಾಗಿ ಎರಡೇ ಅರ್ಥ. ಒಂದು, ಯಾರೋ ಹೋಗಿಬಿಟ್ಟಿದ್ದಾರೆ. ಇನ್ನೊಂದು, ಯಾರಿಗೋ ದುಡ್ಡು ಬೇಕಾಗಿದೆ. ಹೋದ ಜೂನ್‌ನಲ್ಲಿ ಚಿಕ್ಕಪ್ಪ ಫೋನ್ ಮಾಡಿದಾಗ ಮೂರನೇದೂ ಒಂದಿದೆ ಅಂತ ಗೊತ್ತಾಯ್ತು.

"ಮಗಾ, ನಿನ್ ತಮ್ಮ ಬಿ.ಕಾಂ. ಮುಗಿಸ್ಕೊಂಡು ಈಗ ಅದೇನೋ ವೀಡಿಯೋ ಕತ್ತರಿಸೋ ಕೋರ್ಸ್ ಸೇರ್ತೀನಿ ಅಂತ ಹಟ ಹಿಡಿದು ಕೂತವ್ನೆ. ಎರಡು ವರ್ಷಕ್ಕೆ ನಾಲ್ಕೂವರೆ ಲಕ್ಷವಂತೆ. ನೀನು ಕಂಪ್ಯೂಟರ್ ಓದಿರೋನು, ಒಂದ್ಸಲ ನೋಡಿ ಹೇಳಪ್ಪ. ನೀನು ಹೂಂ ಅಂದ್ರೆ ತೋಟದ ಮೇಲೆ ಸಾಲ ತೆಗೀತೀನಿ."

ಕಂಪ್ಯೂಟರ್ ಓದಿದವನಿಗೆ ಪ್ರಿಂಟರ್ ರಿಪೇರಿಯಿಂದ ಹಿಡಿದು ಪಹಣಿ ತಿದ್ದುಪಡಿವರೆಗೆ ಎಲ್ಲವೂ ಗೊತ್ತಿರುತ್ತೆ ಅನ್ನೋದು ನಮ್ಮೂರಿನ ನಂಬಿಕೆ. ಈ ನಂಬಿಕೆಯಿಂದ ನಾನು ಎಷ್ಟೋ ಸಲ ಮರ್ಯಾದೆ ಗಳಿಸಿದ್ದೀನಿ, ಅದಕ್ಕಿಂತ ಹೆಚ್ಚು ಸಲ ಸಿಕ್ಕಿಹಾಕಿಕೊಂಡಿದ್ದೀನಿ. ಆದರೆ ಈ ಸಲ ವಿಷಯ ಹಗುರವಾಗಿರಲಿಲ್ಲ. ತಿಪಟೂರು ಕಡೆ ತೆಂಗಿನ ತೋಟದ ಮೇಲೆ ಸಾಲ ಅಂದರೆ ಏನು ಅಂತ ಕೊಬ್ಬರಿ ರೇಟು ಬಿದ್ದ ವರ್ಷ ನೋಡಿದವರಿಗೇ ಗೊತ್ತು. ನಾನು ಹೇಳೋ ಒಂದು "ಹೂಂ" ಮೇಲೆ ಒಂದು ತೋಟ ಕೂತಿತ್ತು.

ಹತ್ತು ನಿಮಿಷಕ್ಕೆ ತಮ್ಮ ವಾಟ್ಸಾಪಲ್ಲಿ ಕಾಲೇಜಿನ ಬ್ರೋಷರ್ ಕಳಿಸಿದ. ಕಾಲೇಜಿನ ಹೆಸರು ಬೇಡ. ಬೆಂಗಳೂರಿನ ಹೊರವಲಯದ ಒಂದು ಖಾಸಗಿ ವಿಶ್ವವಿದ್ಯಾಲಯ ಅಂದುಕೊಳ್ಳಿ ಸಾಕು, ಅಂಥವು ಬೇಕಾದಷ್ಟಿವೆ. ಮೂರನೇ ಸೆಮಿಸ್ಟರಿನಲ್ಲಿ ಒಂದು ಪೇಪರು, ಹೆಸರು "ಅಡ್ವಾನ್ಸ್ಡ್ ವೀಡಿಯೋ ಎಡಿಟಿಂಗ್". ಕಾಫಿ ಇಟ್ಟುಕೊಂಡು ಸಿಲಬಸ್ ಓದಕ್ಕೆ ಕೂತೆ. ಯೂನಿಟ್ ಒಂದು: ಪ್ರೀಮಿಯರ್ ಪ್ರೊ ಇಂಟರ್‌ಫೇಸ್, ಶಾರ್ಟ್‌ಕಟ್ ಕೀಗಳು. ಯೂನಿಟ್ ಎರಡು: ಟ್ರಾನ್ಸಿಷನ್, ಎಫೆಕ್ಟ್, ಪ್ಲಗಿನ್. ಯೂನಿಟ್ ಮೂರು: ಕ್ರೋಮಾ ಕೀ, ಮಾಸ್ಕಿಂಗ್. ಯೂನಿಟ್ ನಾಲ್ಕು: ಕಲರ್ ಗ್ರೇಡಿಂಗ್. ಯೂನಿಟ್ ಐದು: ಎಕ್ಸ್‌ಪೋರ್ಟ್ ಸೆಟಿಂಗ್ಸ್. ಅಷ್ಟೇ.

ಎರಡು ಸಲ ಓದಿದೆ. "ಯಾವ ಶಾಟ್ ಇಟ್ಕೋಬೇಕು, ಯಾವುದನ್ನ ಬಿಡಬೇಕು, ಎಲ್ಲಿ ಕತ್ತರಿಸಬೇಕು, ಯಾಕೆ" ಅನ್ನೋ ಒಂದು ಸಾಲು ಎಲ್ಲಾದರೂ ಇದೆಯಾ ಅಂತ ಹುಡುಕಿದೆ. ಇರಲಿಲ್ಲ. ಮೆನುವಿನಲ್ಲಿರೋ ಐಟಂಗಳನ್ನೆಲ್ಲ ಬಾಯಿಪಾಠ ಮಾಡಿಸಿ ಅಡುಗೆ ಕಲಿಸಿದ್ದೀವಿ ಅಂತ ಹೇಳಿದ ಹಾಗಿತ್ತು.

ಈ ಕತೆ ನನಗೆ ಹೊಸದಲ್ಲ. ನಾನು ಬಿ.ಇ. ಓದುವಾಗ, ಅಂದರೆ 2008ರ ಸುಮಾರಿಗೆ, ಲ್ಯಾಬಲ್ಲಿ ಟರ್ಬೋ ಸಿ ಇತ್ತು. ಅದೇ ನೀಲಿ ಸ್ಕ್ರೀನು. ನಾವು ಹುಟ್ಟೋ ಕಾಲಕ್ಕೆ ಬಂದಿದ್ದ ಸಾಫ್ಟ್‌ವೇರನ್ನ ನಾವು ಬೆಳೆದು ದೊಡ್ಡವರಾಗಿ ಕಾಲೇಜಿಗೆ ಬಂದಾಗಲೂ ಕಲೀತಿದ್ದೆವು. ಯಾವ ಕೀ ಒತ್ತಿದರೆ ಕಂಪೈಲ್ ಆಗುತ್ತೆ ಅನ್ನೋದು ವೈವಾದಲ್ಲಿ ಕೇಳೋ ಪ್ರಶ್ನೆ! ಕೆಲಸಕ್ಕೆ ಸೇರಿದ ಮೊದಲನೇ ದಿನ ಆ ನೀಲಿ ಸ್ಕ್ರೀನ್ ಎಲ್ಲೂ ಇರಲಿಲ್ಲ. ನನ್ನ ಜೊತೆ ಉಳಿದದ್ದು ಒಬ್ಬರು ಮೇಷ್ಟ್ರು ಕಂಪ್ಯೂಟರ್ ಮುಟ್ಟದೆ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬಿಡಿಸಿ ತೋರಿಸಿದ್ದ ಲಿಂಕ್ಡ್ ಲಿಸ್ಟು, ರಿಕರ್ಷನ್ನು. ಅವು ಇವತ್ತಿಗೂ ಅನ್ನ ಹಾಕ್ತಿವೆ.

ಎಡಿಟಿಂಗ್ ಲೋಕದಲ್ಲೂ ಇದೇ ಆಗಿದೆ. 2011ರಲ್ಲಿ ಆಪಲ್ ಕಂಪನಿ ಫೈನಲ್ ಕಟ್ ಪ್ರೊ ಎಕ್ಸ್ ಅಂತ ಹೊಸ ಆವೃತ್ತಿ ಬಿಟ್ಟಿತು. ಹಳೇ ಫೈನಲ್ ಕಟ್‌ನಲ್ಲಿ ಮಾಡಿದ ಪ್ರಾಜೆಕ್ಟುಗಳು ಹೊಸದರಲ್ಲಿ ತೆರೆಯುತ್ತಲೇ ಇರಲಿಲ್ಲ. ವರ್ಷಗಟ್ಟಲೆ ಅದರಲ್ಲೇ ಕೆಲಸ ಮಾಡಿದ್ದವರು ಕೂಗಾಡಿದರು, ಬಹಳ ಜನ ಬೇರೆ ಸಾಫ್ಟ್‌ವೇರಿಗೆ ಹೋದರು. ಎಡಿಟಿಂಗ್ ಬಲ್ಲವರು ಕೆಲವು ವಾರ ಒದ್ದಾಡಿ ಮತ್ತೆ ಕೆಲಸಕ್ಕೆ ಕೂತಿರುತ್ತಾರೆ. ಫೈನಲ್ ಕಟ್ ಮಾತ್ರ ಬಲ್ಲವರ ಪಾಡು ನನ್ನ ಟರ್ಬೋ ಸಿ ಪಾಡು. ಈಗಂತೂ 2023ರಿಂದ ಪ್ರೀಮಿಯರ್‌ನಲ್ಲಿ ಮಾತನ್ನೆಲ್ಲ ಅಕ್ಷರಕ್ಕಿಳಿಸಿ, ಆ ಅಕ್ಷರವನ್ನ ಅಳಿಸಿದರೆ ವೀಡಿಯೋ ತುಣುಕೂ ಅಳಿಸಿಹೋಗೋ ಸೌಲಭ್ಯ ಬಂದಿದೆ. ಮಾತಿನ ನಡುವಿನ ಖಾಲಿ ಜಾಗ ಹುಡುಕಿ ತೆಗೆಯೋಕೆ ಮನುಷ್ಯ ಬೇಕಿಲ್ಲ. ಡಾವಿಂಚಿ ರಿಸಾಲ್ವ್ ಅನ್ನೋ ಸಾಫ್ಟ್‌ವೇರು, ಸಿನಿಮಾದವರು ಬಣ್ಣ ತಿದ್ದೋಕೆ ಬಳಸೋವಂಥದ್ದು, ಅದರ ಒಂದು ಆವೃತ್ತಿ ಪುಕ್ಕಟೆ ಸಿಗುತ್ತೆ. ಅದನ್ನ ಕಲಿಸೋ ವೀಡಿಯೋಗಳೂ ಪುಕ್ಕಟೆ. ಹಾಗಾದರೆ ನಾಲ್ಕೂವರೆ ಲಕ್ಷ ಕೊಡೋದು ಯಾವುದಕ್ಕೆ?

ಇದಕ್ಕೆ ಉತ್ತರ ಹುಡುಕೋ ಮುಂಚೆ ನಾನೇ ಮಾಡಿದ ಒಂದು ಎಡಿಟಿಂಗ್ ಕತೆ ಹೇಳಬೇಕು.

ಕೆಲವು ವರ್ಷದ ಹಿಂದೆ ಸಂಕ್ರಾಂತಿಗೆ ಊರಿಗೆ ಹೋಗಿದ್ದಾಗ ಅಜ್ಜಿ ಜಗಲಿ ಮೇಲೆ ಕೂತು ಅವರೆಕಾಯಿ ಸುಲೀತಿದ್ದಳು. ಸುಮ್ನೆ ಫೋನು ಕಂಬಕ್ಕೆ ಒರಗಿಸಿ ರೆಕಾರ್ಡಿಂಗ್ ಹಾಕಿ, "ಅಜ್ಜಿ, ನೀನು ಈ ಮನೆಗೆ ಮದುವೆಯಾಗಿ ಬಂದದ್ದು ಹೇಳು" ಅಂದೆ. ನಲವತ್ತು ನಿಮಿಷ ಹೇಳಿದಳು. ಎತ್ತಿನ ಗಾಡೀಲಿ ಬಂದದ್ದು, ಅತ್ತೆಯ ಕಾಟ, ಬಾವಿ ತೋಡಿಸಿದ್ದು. ನಡುವೆ ಒಂದು ಕಡೆ ತನ್ನ ಮೊದಲನೇ ಮಗುವಿನ ಮಾತು ಬಂತು. ಎರಡು ವರ್ಷದ ಕೂಸು, ಜ್ವರ ಬಂದು ಹೋಯ್ತಂತೆ. ಅಷ್ಟು ಹೇಳಿ ಸುಮ್ಮನಾದಳು. ಸುಲೀತಿದ್ದ ಕೈ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮೊರ ಒಂದ್ಸಲ ಕೊಡವಿ, "ಕೊಬ್ರಿ ರೇಟು ಎಷ್ಟಾಗೈತಂತೆ ಈಗ?" ಅಂತ ಕೇಳಿದಳು. ಕೈ ಮತ್ತೆ ಶುರುವಾಯ್ತು.

ಬೆಂಗಳೂರಿಗೆ ಬಂದು ನಾನು ಅದನ್ನ ಮೂರು ನಿಮಿಷಕ್ಕೆ ಎಡಿಟ್ ಮಾಡಿದೆ. ಯೂಟ್ಯೂಬಲ್ಲಿ ಕಲಿತ ಎಲ್ಲ ವಿದ್ಯೆಯನ್ನೂ ಹಾಕಿದೆ. ಖಾಲಿ ಜಾಗಗಳನ್ನೆಲ್ಲ ಕಿತ್ತೆಸೆದೆ. ಹಿಂದೆ ಒಂದು ಕೊಳಲು ಮ್ಯೂಸಿಕ್ಕು. ಬಣ್ಣ ಹಳದಿಗೆ ತಿರುಗಿಸಿದೆ, ನೆನಪು ಅಂದ್ರೆ ಹಳದಿ ತಾನೇ! ಮಗುವಿನ ಮಾತು ಬಂದ ಕಡೆ ಸ್ಲೋ ಝೂಮ್. ಕೊಬ್ಬರಿ ರೇಟಿನ ಪ್ರಶ್ನೆ ಸಂದರ್ಭಕ್ಕೆ ಹೊಂದಲ್ಲ ಅಂತ ಅದನ್ನೂ ತೆಗೆದೆ. ಫ್ಯಾಮಿಲಿ ಗ್ರೂಪಿಗೆ ಹಾಕಿದ ಕೂಡಲೇ ನಲವತ್ತು ಹಾರ್ಟು ಬಂದವು. ಅಮ್ಮ ಮಾತ್ರ ರಾತ್ರಿ ಫೋನಲ್ಲಿ ಒಂದು ಮಾತು ಅಂದಳು: "ಚೆನ್ನಾಗೈತೆ ಕಣೋ. ಆದ್ರೆ ನಿಮ್ಮಜ್ಜಿ ಇಷ್ಟು ಬೇಗ ಬೇಗ ಮಾತಾಡಲ್ಲ."

ಅಮ್ಮ ಓದಿದ್ದು ಏಳನೇ ಕ್ಲಾಸು. ಆವತ್ತು ಅವಳು ಹೇಳಿದ್ದು ಪಕ್ಕಾ ಎಡಿಟಿಂಗ್ ವಿಮರ್ಶೆ ಅಂತ ನನಗೆ ಅರ್ಥವಾಗೋಕೆ ವರ್ಷಗಳೇ ಬೇಕಾಯ್ತು. ಅಷ್ಟರಲ್ಲಿ ಅಜ್ಜಿ ಇರಲಿಲ್ಲ.

ಆ ಮೌನವನ್ನ, ಆಮೇಲೆ ಬಂದ ಕೊಬ್ಬರಿ ಪ್ರಶ್ನೆಯನ್ನ ಕತ್ತರಿಸಿದಾಗ ನಾನು ಏನು ಕತ್ತರಿಸಿದೆ? ಅರವತ್ತು ವರ್ಷ ಒಂದು ದುಃಖವನ್ನ ಹೊತ್ತುಕೊಂಡು ದಿನದ ಕೆಲಸ ಮಾಡುತ್ತಾ ಬಂದ ಹೆಂಗಸೊಬ್ಬಳು ಅದನ್ನ ಹೇಗೆ ಹೊತ್ತಳು ಅನ್ನೋದನ್ನ. ಅದು ಮಾತಿನಲ್ಲಿ ಇರಲೇ ಇಲ್ಲ. ನಿಂತ ಕೈಯಲ್ಲಿತ್ತು, ಮತ್ತೆ ಶುರುವಾದ ಕೈಯಲ್ಲಿತ್ತು. ನನ್ನ ಕಣ್ಣಿಗೆ ಅದು "ಡೆಡ್ ಸ್ಪೇಸ್" ಆಗಿ ಕಂಡಿತ್ತು. ಯಾಕಂದರೆ ಟೈಮ್‌ಲೈನಿನಲ್ಲಿ ಅಲೆಗಳ ಗೆರೆ ಅಲ್ಲಿ ಮಟ್ಟಸವಾಗಿತ್ತು.

ಎಡಿಟಿಂಗನ್ನ ಮೊದಲು ಶಾಲೆಯಾಗಿ ಕಲಿಸೋಕೆ ಹೊರಟವರು ಈ ಪ್ರಶ್ನೆಯಿಂದಲೇ ಶುರು ಮಾಡಿದ್ದರು. ಕ್ರಾಂತಿಯ ನಂತರ, 1919ರಲ್ಲಿ ಮಾಸ್ಕೋದಲ್ಲಿ ಸರ್ಕಾರಿ ಸಿನಿಮಾ ಶಾಲೆ ಶುರುವಾಯ್ತು. ಲೆವ್ ಕುಲೆಶೋವ್ ಅಲ್ಲಿ ಮೇಷ್ಟ್ರು. ಆಗ ಅಲ್ಲಿ ಫಿಲ್ಮಿಗೇ ಬರ. ಹಾಗಾಗಿ ಇದ್ದ ಹಳೇ ಸಿನಿಮಾಗಳನ್ನೇ ಬಿಚ್ಚಿ, ಮತ್ತೆ ಜೋಡಿಸಿ, ಕ್ರಮ ಬದಲಾಯಿಸಿ ನೋಡುತ್ತಿದ್ದರು. ಅಮೆರಿಕದ ಗ್ರಿಫಿತ್ ಮಾಡಿದ್ದ 'ಇನ್‌ಟಾಲರೆನ್ಸ್' ಚಿತ್ರವನ್ನ ಹೀಗೆ ಬಿಡಿಸಿ ಬಿಡಿಸಿ ಓದಿದ್ದು ಸಿನಿಮಾ ಚರಿತ್ರೆಯಲ್ಲಿ ಪ್ರಸಿದ್ಧ. ಕುಲೆಶೋವ್ ಒಬ್ಬ ನಟನ ಭಾವವಿಲ್ಲದ ಒಂದೇ ಮುಖದ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ ಇಟ್ಟು ತೋರಿಸಿದ ಕತೆ ಎಲ್ಲ ಪುಸ್ತಕದಲ್ಲೂ ಬರುತ್ತೆ. ಮುಖ ಅದೇ. ನೋಡಿದವರಿಗೆ ಒಮ್ಮೆ ಹಸಿವು ಕಂಡಿತು, ಒಮ್ಮೆ ದುಃಖ ಕಂಡಿತು. ಅರ್ಥ ಶಾಟಿನ ಒಳಗಿಲ್ಲ, ಎರಡು ಶಾಟಿನ ನಡುವೆ ಇದೆ ಅನ್ನೋದೇ ಅವರ ಮೊದಲನೇ ಪಾಠ. ನೂರು ವರ್ಷ ಆಯ್ತು. ನಮ್ಮ "ಅಡ್ವಾನ್ಸ್ಡ್" ಪೇಪರಿನಲ್ಲಿ ಆ ಮೊದಲನೇ ಪಾಠಕ್ಕೂ ಜಾಗವಿಲ್ಲ.

ಇನ್ನೊಂದು ಲೆಕ್ಕ ನೋಡಿ, ಇದು ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಇಷ್ಟವಾಗುತ್ತೆ. 'ಅಪೋಕಲಿಪ್ಸ್ ನೌ' (1979) ಚಿತ್ರದ ಎಡಿಟರುಗಳಲ್ಲಿ ಒಬ್ಬರಾದ ವಾಲ್ಟರ್ ಮರ್ಚ್ ತಮ್ಮ ಪುಸ್ತಕದಲ್ಲಿ ಬರೆದಿರೋದು. ಆ ಚಿತ್ರಕ್ಕೆ ಶೂಟ್ ಆಗಿದ್ದು 230 ಗಂಟೆಗೂ ಹೆಚ್ಚು, ಉಳಿದದ್ದು ಸುಮಾರು ಎರಡೂವರೆ ಗಂಟೆ. ಕೊನೆಗೆ ಸಿನಿಮಾದಲ್ಲಿ ಉಳಿದ ಕಟ್‌ಗಳನ್ನ, ಕೆಲಸ ಮಾಡಿದ ಎಡಿಟರುಗಳು ಮತ್ತು ದಿನಗಳಿಂದ ಭಾಗಿಸಿದರೆ ಒಬ್ಬ ಎಡಿಟರಿಗೆ ದಿನಕ್ಕೆ 1.47 ಕಟ್ ಬೀಳುತ್ತೆ. ದಿನಕ್ಕೆ ಒಂದೂವರೆ ಕಟ್! ನಮ್ಮ ಮ್ಯಾನೇಜರ್ ಆಗಿದ್ದರೆ ಆ ಟೀಮನ್ನೇ ಎತ್ತಿಬಿಡುತ್ತಿದ್ದ. ಹಾಗಂತ ಅವರು ಉಳಿದ ಹೊತ್ತು ಸುಮ್ಮನಿರಲಿಲ್ಲ. ಕಟ್ ಮಾಡಿ ನೋಡೋದು, ತೆಗೆಯೋದು, ಇನ್ನೊಂದು ಥರ ಹಾಕೋದು, ವಾದ ಮಾಡೋದು. ನಾವು ಹತ್ತು ಸಾಲು ಕೋಡ್ ಬರೆಯೋಕೆ ಎರಡು ದಿನ ಯಾಕೆ ಬೇಕಾಯ್ತು ಅಂತ ಮನೆಯವರಿಗೆ ವಿವರಿಸೋಕೆ ಆಗಲ್ಲವಲ್ಲ, ಹಾಗೇ.

ಅದೇ ಮರ್ಚ್ ಒಂದು ಕಟ್ ಸರಿ ಇದೆಯಾ ಅಂತ ನೋಡೋಕೆ ಆರು ಅಳತೆ ಕೊಟ್ಟು ಅಂಕ ಹಂಚುತ್ತಾರೆ. ಭಾವನೆಗೆ ನೂರಕ್ಕೆ 51, ಕತೆಗೆ 23, ಲಯಕ್ಕೆ 10. ಕಣ್ಣು ಎಲ್ಲಿ ನೆಟ್ಟಿದೆ, ಚೌಕಟ್ಟಿನ ಹೊಂದಾಣಿಕೆ, ಜಾಗದ ಹೊಂದಾಣಿಕೆ, ಈ ಮೂರಕ್ಕೂ ಸೇರಿ ಬರೀ 16. ಭಾವನೆಗೆ 50 ಕೊಡದೆ 51 ಕೊಟ್ಟಿದ್ದಾರೆ ನೋಡಿ, ಉಳಿದ ಐದೂ ಒಟ್ಟಾಗಿ ಬಂದರೂ ಅದನ್ನ ಸೋಲಿಸಬಾರದು ಅಂತ. ಆ ಮನುಷ್ಯ ಫಿಲ್ಮ್ ಕೈಯಲ್ಲಿ ಕತ್ತರಿಸಿದವನು, 'ದಿ ಇಂಗ್ಲಿಷ್ ಪೇಷೆಂಟ್' (1996) ಚಿತ್ರಕ್ಕೆ ಆವಿಡ್ ಬಳಸಿ ಆಸ್ಕರ್ ಗೆದ್ದವನು, 'ಕೋಲ್ಡ್ ಮೌಂಟನ್' (2003) ಚಿತ್ರವನ್ನ ಫೈನಲ್ ಕಟ್‌ನಲ್ಲಿ ಮಾಡಿದವನು. ಮೂರು ಸಲ ಆಯುಧ ಬದಲಾಯ್ತು, ಅಂಕಪಟ್ಟಿ ಬದಲಾಗಲಿಲ್ಲ. ನಮ್ಮ ಬ್ರೋಷರಿನ ಐದು ಯೂನಿಟ್‌ಗಳನ್ನ ಈ ಪಟ್ಟಿ ಮುಂದೆ ಹಿಡಿದರೆ ಆ 16ರ ಒಳಗೂ ಪೂರ್ತಿ ಬರಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ತಮ್ಮ ಒಂದು ಪ್ರಶ್ನೆ ಕೇಳಿದ. "ಅಣ್ಣ, ಕೆಜಿಎಫ್ ಎರಡನ್ನ ಎಡಿಟ್ ಮಾಡಿದ ಉಜ್ವಲ್ ಕುಲಕರ್ಣಿ ಯೂಟ್ಯೂಬಲ್ಲಿ ಫ್ಯಾನ್ ಎಡಿಟ್ ಮಾಡ್ತಿದ್ದ ಹುಡುಗ. ಇನ್ನೂ ಇಪ್ಪತ್ತೂ ದಾಟಿರಲಿಲ್ಲ. ಯಾವ ಯೂನಿವರ್ಸಿಟಿ ಕಲಿಸಿತ್ತು?"

ಒಳ್ಳೇ ಪ್ರಶ್ನೆ. ಹಾಗಾಗಿ ಮುಂದಿನ ಶನಿವಾರ ಅವನನ್ನ ಬೆಂಗಳೂರಿಗೆ ಕರೆಸಿಕೊಂಡು ಒಂದರ ಹಿಂದೆ ಒಂದು ಎರಡು ಸಿನಿಮಾ ನೋಡಿದೆವು. 'ಕೆಜಿಎಫ್ ಚಾಪ್ಟರ್ 2' (2022) ಮತ್ತು 'ತಿಥಿ' (2015).

ಕೆಜಿಎಫ್‌ನ ಕತ್ತರಿ ಕೆಲಸವನ್ನ ಬೈಯೋದು ಸುಲಭ. ನಾನು ಬೈಯಲ್ಲ. ಒಂದು ಚಿತ್ರ, ತಕ್ಷಣ ಪರದೆ ಕಪ್ಪು, ಇನ್ನೊಂದು ಚಿತ್ರ, ಮತ್ತೆ ಕಪ್ಪು. ಮಾತು ಒಂದು ಕಡೆ, ದೃಶ್ಯ ಇನ್ನೆಲ್ಲೋ. ಇದಕ್ಕೊಂದು ಕಾರಣ ಇದೆ. ಆ ಸಿನಿಮಾದಲ್ಲಿ ರಾಕಿಯ ಕತೆಯನ್ನ ನಾವು ನೇರವಾಗಿ ನೋಡ್ತಿಲ್ಲ. ಪ್ರಕಾಶ್ ರೈ ಮಾಡಿರೋ ಪಾತ್ರ ಅಪ್ಪ ಬರೆದಿಟ್ಟ ಪುಸ್ತಕದಿಂದ ಅದನ್ನ ಹೇಳ್ತಿದೆ. ಬಾಯಿಂದ ಬಾಯಿಗೆ ಬಂದ ದಂತಕತೆ ಹೀಗೇ ತಾನೇ ಇರೋದು? ಚೂರು ಚೂರಾಗಿ, ಮಧ್ಯೆ ಕತ್ತಲೆ ಬಿಟ್ಟುಕೊಂಡು, ದೊಡ್ಡ ದೊಡ್ಡ ಚಿತ್ರ ಮಾತ್ರ ಹೊಳೆಯುತ್ತಾ. ಹೊಡೆದಾಟಕ್ಕೆ, ಬಿಲ್ಡಪ್ಪಿಗೆ ಆ ಲಯ ಸರಿಯಾಗಿ ಕೂತಿದೆ. ಆದರೆ ತಾಯಿಯ ನೆನಪು, ಹೆಂಡತಿಯ ಸಾವು ಬಂದಾಗಲೂ ಕತ್ತರಿ ಅದೇ ವೇಗದಲ್ಲಿ ಓಡುತ್ತೆ. ನಮಗೆ ದುಃಖ ಪಡೋಕೆ ಟೈಮೇ ಕೊಡಲ್ಲ. ದುಃಖವೂ ಒಂದು ಬಿಲ್ಡಪ್ ಆಗಿಬಿಡುತ್ತೆ. ಆ ಸಿನಿಮಾ ಆದಮೇಲೆ ನಮ್ಮ ಕಡೆ ಗೃಹಪ್ರವೇಶದ ವೀಡಿಯೋದಲ್ಲೂ ಹಾಲು ಉಕ್ಕೋ ಮುಂಚೆ ಪರದೆ ಮೂರು ಸಲ ಕಪ್ಪಾಗೋದನ್ನ ನೋಡಿದ್ದೀನಿ. ಶೈಲಿಯನ್ನ ನಕಲು ಮಾಡಬಹುದು. ಅದರ ಕಾರಣವನ್ನ ನಕಲು ಮಾಡೋಕೆ ಬರಲ್ಲ.

ಆಮೇಲೆ 'ತಿಥಿ'. ಮಂಡ್ಯದ ನೊದೆಕೊಪ್ಪಲಿನಲ್ಲಿ ಊರಿನ ಜನರನ್ನೇ ಹಾಕಿಕೊಂಡು ರಾಮ್ ರೆಡ್ಡಿ ಮಾಡಿದ ಚಿತ್ರ. ಶುರುವಿನಲ್ಲಿ ಸೆಂಚುರಿ ಗೌಡ ಬೀದಿಬದಿ ಕೂತು ಹೋಗೋ ಬರೋರನ್ನೆಲ್ಲ ಬೈತಾ ಇರ್ತಾನೆ. ಕ್ಯಾಮೆರಾಕ್ಕೂ ಅವಸರವಿಲ್ಲ, ಕತ್ತರಿಗೂ ಅವಸರವಿಲ್ಲ. ನಾವು ನಗ್ತಾ ನಗ್ತಾ ಆ ಮುದುಕನಿಗೆ ಒಗ್ಗಿಕೊಳ್ತೀವಿ. ಆಮೇಲೆ ಎದ್ದು ಉಚ್ಚೆ ಹೊಯ್ಯೋಕೆ ಪಕ್ಕಕ್ಕೆ ಹೋಗ್ತಾನೆ, ಅಲ್ಲೇ ಬೀಳ್ತಾನೆ, ಮುಗೀತು. ಮ್ಯೂಸಿಕ್ಕಿಲ್ಲ, ಝೂಮಿಲ್ಲ. ಮುಂದೆ ಗಡ್ಡಪ್ಪ ರಾತ್ರಿ ಕುರಿಗಾಹಿಗಳ ಜೊತೆ ಕೂತು ತನ್ನ ಬದುಕಿನ ಘೋರ ಕತೆ ಹೇಳ್ತಾನಲ್ಲ, ಅಲ್ಲಿ ಫ್ಲಾಶ್‌ಬ್ಯಾಕ್ ಹಾಕೋಕೆ ಯಾರಿಗಾದರೂ ಕೈ ತುರಿಸುತ್ತೆ. ಹಾಕಿಲ್ಲ. ಗಡ್ಡಪ್ಪ ಹೇಳ್ತಾನೆ, ನಾವು ಕೇಳ್ತೀವಿ, ಅಷ್ಟೇ.

ಸಿನಿಮಾ ಮುಗಿದ ಮೇಲೆ ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: "ಇದರಲ್ಲಿ ಎಡಿಟಿಂಗೇ ಕಾಣಲ್ಲವಲ್ಲಣ್ಣ." ಅದಕ್ಕೇ ನೋಡು ಅಂದೆ. ನನಗೇ ಆಗ ಹೊಳೆದದ್ದು: ಕೆಜಿಎಫ್‌ನ ಕಟ್‌ಗಳನ್ನ ಹೇಗೆ ಮಾಡಿದರು ಅಂತ ತೋರಿಸೋ ವೀಡಿಯೋ ಯಾರು ಬೇಕಾದರೂ ಮಾಡಬಹುದು. ಗಡ್ಡಪ್ಪನ ದೃಶ್ಯದಲ್ಲಿ ಯಾಕೆ ಕಟ್ ಮಾಡಲಿಲ್ಲ ಅನ್ನೋದಕ್ಕೆ ಟ್ಯುಟೋರಿಯಲ್ ಇಲ್ಲ. ಅದಕ್ಕೆ ಇನ್ನೊಬ್ಬ ಮನುಷ್ಯ ಪಕ್ಕದಲ್ಲಿ ಕೂತು, "ಇಲ್ಲಿ ಬಿಡು, ಇನ್ನೂ ಎರಡು ಸೆಕೆಂಡ್ ಬಿಡು" ಅನ್ನಬೇಕು.

ಈ "ಪಕ್ಕದಲ್ಲಿ ಕೂರೋ" ಮಾತಿಗೇ ನಾನು ಬರ್ತಿದ್ದೆ. ಎಡಿಟಿಂಗನ್ನ ಜನ ಮೂರು ದಾರೀಲಿ ಕಲಿತಿದ್ದಾರೆ. ಒಂದು, ಗುರುವಿನ ಹಿಂದೆ ನಿಂತು. ಶ್ರೀಕರ್ ಪ್ರಸಾದ್ ಓದಿದ್ದು ಸಾಹಿತ್ಯ, ಕತ್ತರಿ ಕಲಿತದ್ದು ಎಡಿಟರೇ ಆಗಿದ್ದ ಅಪ್ಪನ ಹತ್ತಿರ, ಆಮೇಲೆ ಗೆದ್ದದ್ದು ಹಲವು ರಾಷ್ಟ್ರಪ್ರಶಸ್ತಿ. ಎರಡು, ಶಾಲೆಯಲ್ಲಿ. ರೇಣು ಸಲೂಜಾ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ನಿರ್ದೇಶನ ಕಲಿಯೋಕೆ ಅರ್ಜಿ ಹಾಕಿ, ಅದು ಸಿಗದೆ ಎಡಿಟಿಂಗ್ ಸೇರಿದವರು. 'ಜಾನೇ ಭಿ ದೋ ಯಾರೋ' (1983), 'ಪರಿಂದಾ' (1989) ಅವರ ಕೈಯಿಂದ ಬಂದವು. ಮೂರು, ಉಜ್ವಲ್ ಥರ ತಾನೇ ಮಾಡಿ ಮಾಡಿ. ಮೂರನೇ ದಾರಿಯನ್ನ ನಾನು ಕೀಳು ಮಾಡಲ್ಲ. ಆದರೆ ಫ್ಯಾನ್ ಎಡಿಟ್ ಮಾಡೋನಿಗೂ ಸಿಕ್ಕಿದ್ದು ಬೇರೆಯವರು ಆಗಲೇ ಆರಿಸಿಟ್ಟ ಶಾಟುಗಳು. ಅವನ ಕೈ ಹಿಡಿದು ದೊಡ್ಡ ಸಿನಿಮಾದ ಕಚ್ಚಾ ಸರಕಿನ ಮುಂದೆ ಕೂರಿಸೋಕೆ ಪ್ರಶಾಂತ್ ನೀಲ್ ಬೇಕಾದರು. ಎಲ್ಲ ಹುಡುಗರಿಗೂ ಒಬ್ಬೊಬ್ಬ ಪ್ರಶಾಂತ್ ನೀಲ್ ಸಿಗ್ತಾನಾ?

ಮೊದಲನೇ ದಾರಿಯನ್ನ ಮುಚ್ಚಿಹಾಕಿದ್ದು ಕಂಪ್ಯೂಟರೇ ಅನ್ನೋದು ತಮಾಷೆ. ಫಿಲ್ಮ್ ಕಾಲದಲ್ಲಿ ತುಂಡುಗಳನ್ನ ಅಂಟಿಸೋಕೆ, ಉಳಿದ ಚೂರುಗಳಿಗೆ ನಂಬರ್ ಹಾಕಿ ತೂಗುಹಾಕೋಕೆ ಎಡಿಟರಿನ ಪಕ್ಕದಲ್ಲೇ ಅಸಿಸ್ಟೆಂಟ್ ಬೇಕಿತ್ತು. ಅವನ ಕೈ ಕೆಲಸ ಮಾಡ್ತಿತ್ತು, ಕಿವಿ ನಿರ್ದೇಶಕರು ಮತ್ತು ಎಡಿಟರಿನ ಜಗಳ ಕೇಳ್ತಿತ್ತು. ಹತ್ತು ವರ್ಷ ಆ ಜಗಳ ಕೇಳಿದವನು ಎಡಿಟರ್ ಆಗ್ತಿದ್ದ. ಈಗ ಅಸಿಸ್ಟೆಂಟ್ ರಾತ್ರಿ ಬೇರೆ ರೂಮಲ್ಲಿ ಒಬ್ಬನೇ ಕೂತು ಸೌಂಡ್ ಸಿಂಕ್ ಮಾಡಿ, ಫೈಲಿಗೆ ಹೆಸರಿಟ್ಟು, ಹಾರ್ಡ್‌ಡಿಸ್ಕ್ ಇಟ್ಟು ಮನೆಗೆ ಹೋಗ್ತಾನೆ. ಜಗಳ ಕೇಳೋ ಕುರ್ಚಿ ಮಾಯವಾಗಿದೆ. ವರ್ಕ್ ಫ್ರಂ ಹೋಮ್ ಆದಮೇಲೆ ನಮ್ಮ ಹೊಸ ಹುಡುಗರು ಸೀನಿಯರ್ ಪಕ್ಕ ಕೂತು ಕೋಡ್ ನೋಡೋದೇ ತಪ್ಪಿಹೋಯ್ತಲ್ಲ, ಅದೇ ಕತೆ.

ನನ್ನ ವಾದ ಇಷ್ಟೇ. ವಿಶ್ವವಿದ್ಯಾಲಯ ಆ ಕುರ್ಚಿಯನ್ನ ವಾಪಸ್ ಕೊಡಬೇಕು. ಬೇರೆ ಏನು ಕೊಟ್ಟರೂ ಅದು ಪುಕ್ಕಟೆ ಸಿಗೋದನ್ನ ದುಡ್ಡಿಗೆ ಮಾರಿದ ಹಾಗೆ. ಒಂದೇ ದೃಶ್ಯದ ಹತ್ತು ಟೇಕುಗಳನ್ನ ಹತ್ತು ಹುಡುಗರಿಗೆ ಕೊಡಿ. ಹತ್ತು ಥರ ಕಟ್ ಮಾಡಿಕೊಂಡು ಬರಲಿ. ಎಲ್ಲರೂ ಒಂದು ಕತ್ತಲೆ ಕೋಣೆಯಲ್ಲಿ ಕೂತು ನೋಡಲಿ. "ಇಲ್ಲಿ ಯಾಕೆ ಬಿಟ್ಟೆ, ಅಲ್ಲಿ ಯಾಕೆ ಕತ್ತರಿಸಿದೆ" ಅಂತ ಎದ್ದು ನಿಂತು ಉತ್ತರ ಹೇಳಲಿ. ತನಗೆ ಪ್ರಾಣವಾದ ಶಾಟನ್ನ ಎಲ್ಲರ ಎದುರು ಕಿತ್ತುಹಾಕೋ ನೋವು ಒಂದು ಸಲ ಅನುಭವಿಸಲಿ. ಶಬ್ದದ ಪಾಠವೂ ಇಲ್ಲೇ ಬರುತ್ತೆ. ಮುಂದಿನ ದೃಶ್ಯದ ಶಬ್ದ ಚಿತ್ರಕ್ಕಿಂತ ಮುಂಚೆ ಬರೋದಕ್ಕೆ ಜೆ-ಕಟ್ ಅಂತಾರೆ. ಸಾಫ್ಟ್‌ವೇರಲ್ಲಿ ಅದು ಎರಡು ಕ್ಲಿಕ್ಕಿನ ಕೆಲಸ. ನಮ್ಮೂರ ತಿರುವಿನಲ್ಲಿ ಬಸ್ಸು ಕಾಣೋ ಮುಂಚೆ ಹಾರನ್ ಕೇಳುತ್ತೆ, ಆ ಹಾರನ್ ಕೇಳಿದ ಕೂಡಲೇ ಅಂಗಡಿ ಕಟ್ಟೆ ಮೇಲಿದ್ದೋರೆಲ್ಲ ಎದ್ದು ನಿಲ್ತಾರೆ. ಆ ಎದ್ದು ನಿಲ್ಲೋದಕ್ಕೋಸ್ಕರ ಜೆ-ಕಟ್ ಇರೋದು ಅಂತ ಯಾರಾದರೂ ಹೇಳಿಕೊಡಬೇಕು.

ನಾವು ಆ ಕಾಲೇಜಿಗೂ ಹೋಗಿ ಬಂದೆವು. ಲ್ಯಾಬು ನಮ್ಮ ಆಫೀಸಿಗಿಂತ ಚೆನ್ನಾಗಿತ್ತು. ಒಳ್ಳೇ ಮಾನಿಟರ್, ಹೆಡ್‌ಫೋನ್, ಎಸಿ. ಸಾಲಾಗಿ ಟೇಬಲ್ಲು, ಎಲ್ಲರ ಮುಖವೂ ಗೋಡೆಗೆ. ವಿದ್ಯಾರ್ಥಿಗಳು ಮಾಡಿದ್ದನ್ನ ಎಲ್ಲರೂ ಒಟ್ಟಿಗೆ ಕೂತು ನೋಡೋ ಜಾಗ ಎಲ್ಲಿದೆ ಅಂತ ಕೇಳಿದೆ. "ಡ್ರೈವ್‌ಗೆ ಅಪ್‌ಲೋಡ್ ಮಾಡ್ತಾರೆ ಸಾರ್, ನಾವು ನೋಡಿ ಮಾರ್ಕ್ಸ್ ಹಾಕ್ತೀವಿ" ಅಂದರು ಮೇಷ್ಟ್ರು.

ಅವರ ಬಗ್ಗೆ ನನಗೆ ಸಿಟ್ಟಿಲ್ಲ. ಕ್ಯಾಂಟೀನಲ್ಲಿ ಟೀ ಕುಡೀತಾ ಗೊತ್ತಾಯ್ತು, ಅವರು ಹತ್ತು ವರ್ಷ ಒಂದು ಸುದ್ದಿವಾಹಿನಿಯಲ್ಲಿ ಎಡಿಟರ್ ಆಗಿದ್ದವರು. ಮಾತಿನ ಮಧ್ಯೆ ಹೇಳಿದರು: "ಬೈಟ್ ಕೊಡುವಾಗ ಯಾರಾದ್ರೂ ಅತ್ತರೆ ಹೊಸ ಹುಡುಗರು ಕಣ್ಣೀರಿಂದ ಶುರು ಮಾಡ್ತಾರೆ. ನಾನು ಅಳು ಬರೋ ಮುಂಚಿನ ಎರಡು ಸೆಕೆಂಡು ಬಿಡ್ತಿರಲಿಲ್ಲ ಸಾರ್. ಅಳಬಾರದು ಅಂತ ಅವರು ಒದ್ದಾಡ್ತಾರಲ್ಲ, ಅದು ಅಲ್ಲಿರೋದು." ಇಡೀ ಬ್ರೋಷರಿಗಿಂತ ದೊಡ್ಡ ಮಾತು. ಇದನ್ನ ಕ್ಲಾಸಲ್ಲಿ ಹೇಳ್ತೀರಾ ಸಾರ್ ಅಂದೆ. ನಕ್ಕರು. "ಸಿಲಬಸ್ ಮುಗಿಸಬೇಕಲ್ಲ."

ಅಡ್ವಾನ್ಸ್ಡ್ ಪಾಠ ಕ್ಯಾಂಟೀನಲ್ಲಿತ್ತು, ಫೀಸು ಲ್ಯಾಬಿಗಿತ್ತು. ಚಿಕ್ಕಪ್ಪನಿಗೆ ಬೇಡ ಅಂದೆ. ಹೇಳೋವಾಗ ಧೈರ್ಯವೇನೂ ಇರಲಿಲ್ಲ. ಅಲ್ಲಿ ಸೇರಿದ್ದರೆ ಕೈಯಲ್ಲಿ ಒಂದು ಸರ್ಟಿಫಿಕೇಟು, ಯಾವುದೋ ಚಾನೆಲ್ಲಲ್ಲಿ ಒಂದು ಕೆಲಸ ಸಿಗ್ತಿತ್ತೇನೋ. ನನ್ನ ಮಾತಿನಿಂದ ಅವನ ಒಂದು ವರ್ಷ ಹೋಯ್ತೇನೋ. ಈಗ ಅವನು ತಿಪಟೂರಿನಲ್ಲಿ ಒಂದು ಸ್ಟುಡಿಯೋದಲ್ಲಿ ಮದುವೆ ವೀಡಿಯೋ ಎಡಿಟ್ ಮಾಡ್ತಾ, ಪುಣೆ ಮತ್ತು ಕೋಲ್ಕತ್ತಾದ ಸರ್ಕಾರಿ ಫಿಲ್ಮ್ ಶಾಲೆಗಳ ಪ್ರವೇಶ ಪರೀಕ್ಷೆಗೆ ಓದ್ತಿದ್ದಾನೆ. ಅಲ್ಲಿ ಸೀಟು ಕಡಿಮೆ, ಬರೆಯೋರು ಬಹಳ. ಸಿಗದೇ ಇದ್ದರೆ ಏನು ಅನ್ನೋದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಹೋದ ತಿಂಗಳು ಅವನು ಅಜ್ಜಿಯ ಆ ನಲವತ್ತು ನಿಮಿಷದ ವೀಡಿಯೋ ಇದೆಯಾ ಅಂತ ಕೇಳಿದ. ಹಳೇ ಹಾರ್ಡ್‌ಡಿಸ್ಕಿನಲ್ಲಿತ್ತು. ಕೊಟ್ಟೆ. ಅಜ್ಜಿಯ ತಿಥಿಗೆ ಊರಿಗೆ ಹೋದಾಗ ಊಟ ಆದಮೇಲೆ ಟಿವಿಗೆ ಹಾಕಿ ತೋರಿಸಿದ. ಹದಿನಾಲ್ಕು ನಿಮಿಷ. ಮ್ಯೂಸಿಕ್ಕಿಲ್ಲ, ಹಳದಿ ಇಲ್ಲ. ಕೈ ನಿಂತಿತು. ನಿಂತೇ ಇತ್ತು. ಹಿಂದೆ ಎಲ್ಲೋ ಒಂದು ಕಾಗೆ ಕೂಗಿದ್ದು ಕೇಳಿಸಿತು. ಅದು ರೆಕಾರ್ಡಿಂಗಲ್ಲಿ ಇತ್ತು ಅಂತಲೇ ನನಗೆ ಗೊತ್ತಿರಲಿಲ್ಲ. ಮೊರ ಕೊಡವಿದಳು. ಕೊಬ್ರಿ ರೇಟು ಎಷ್ಟಾಗೈತಂತೆ? ಅಮ್ಮ ಸೆರಗು ಬಾಯಿಗೆ ಇಟ್ಟುಕೊಂಡಳು.

ಮುಗಿದ ಮೇಲೆ ಚಿಕ್ಕಪ್ಪ ಕಣ್ಣು ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು ಮಗನ ಕಡೆ ತಿರುಗಿದರು.

"ಎಲ್ಲಾ ಸರಿ ಕಣ್ಲಾ. ಆದ್ರೆ ಇದ್ರಲ್ಲಿ ನೀನೇನು ಮಾಡಿದ್ದೀಯ? ಬರೀ ಅವ್ವನೇ ಕಾಣ್ತಾಳಲ್ಲ!"

ತಮ್ಮ ನನ್ನ ಮುಖ ನೋಡಿದ. ನಾನು ಚಿಕ್ಕಪ್ಪನ ಮುಖ ನೋಡಿದೆ. ಇದಕ್ಕಿಂತ ದೊಡ್ಡ ಮಾರ್ಕ್ಸ್ ಯಾವ ಯೂನಿವರ್ಸಿಟೀಲೂ ಹಾಕಲ್ಲ ಅಂತ ಆ ಮನುಷ್ಯನಿಗೆ ಹೇಗೆ ಹೇಳೋದು?